ತರಂಗಂಬಾಡಿಯ ಹಳೇ ಮನೆಯಲ್ಲಿ ಅಪ್ಪ ಗೋಡೆ ತಟ್ಟಿದ್ದು

ಸಮುದ್ರದ ದಂಡೆಯ ರೂಮಿಗೆ ಕಾಲಿಟ್ಟ ಕೂಡಲೇ ಎಲ್ಲರೂ ಕಿಟಕಿ ತೆಗೆಯುತ್ತಾರೆ. ನಮ್ಮಪ್ಪ ಗೋಡೆ ತಟ್ಟಿದರು. ಬೆರಳು ಮಡಿಚಿ, ಗೆಣ್ಣಿನಲ್ಲಿ, ಬಾಗಿಲ ಪಕ್ಕದಿಂದ ಶುರು ಮಾಡಿ ಬಚ್ಚಲ ಬಾಗಿಲ ತನಕ. ಬ್ಯಾಗ್ ಹೊತ್ತು ತಂದ ಹುಡುಗ ಗಾಬರಿಯಿಂದ ನನ್ನ ಮುಖ ನೋಡಿದ. ಅಪ್ಪ ಅವನ ಕಡೆ ತಿರುಗಿ ತಮ್ಮ ಎದೆ ಮೇಲೆ ಕೈಯಿಟ್ಟು "ಕೊತ್ತನಾರ್" ಅಂದರು. ತಮಿಳಿನಲ್ಲಿ ಗಾರೆ ಕೆಲಸದವರಿಗೆ ಹಾಗೇ ಅನ್ನುತ್ತಾರಂತೆ. ನಲವತ್ತು ವರ್ಷ ಸೈಟ್‌ಗಳಲ್ಲಿ ಸೇಲಂ, ಧರ್ಮಪುರಿ ಕಡೆಯವರ ಜೊತೆ ದುಡಿದ ಅಪ್ಪನಿಗೆ ತಮಿಳು ಗೊತ್ತಿರೋದು ಇಷ್ಟೇ: ಕೊತ್ತನಾರ್, ತಣ್ಣಿ (ನೀರು), ಸಾಪಾಡು (ಊಟ), ಸಂಬಳ. ಎರಡು ದಿನಕ್ಕೆ ಅದೇ ಸಾಕಾಯಿತು.

ತಮಿಳುನಾಡಿನ ತರಂಗಂಬಾಡಿಗೆ ನಾವು ಹೋಗಿದ್ದು ಸಮುದ್ರಕ್ಕಾಗಿ ಅಲ್ಲ. ಅಪ್ಪನಿಗೆ ಕಳೆದ ಫೆಬ್ರವರಿಯಲ್ಲಿ 70 ತುಂಬಿತು. ಆಗ ಮಾಡೋ ಭೀಮರಥ ಶಾಂತಿಯನ್ನು ತಿರುಕ್ಕಡೈಯೂರಿನಲ್ಲೇ ಮಾಡಿಸಬೇಕು ಅಂತ ಅವ್ವನ ಹಟ. ಮಾರ್ಕಂಡೇಯ ಲಿಂಗ ತಬ್ಬಿಕೊಂಡಿದ್ದು, ಶಿವ ಯಮನನ್ನು ಒದ್ದಿದ್ದು ಇಲ್ಲೇ ಅನ್ನೋ ನಂಬಿಕೆ. ಹಾಗಾಗಿ ಅರವತ್ತು, ಎಪ್ಪತ್ತು, ಎಂಬತ್ತು ತುಂಬಿದವರೆಲ್ಲ ಅಲ್ಲಿಗೆ ಬರುತ್ತಾರೆ. ದೇವಸ್ಥಾನದ ಒಳಗೆ ಎಲ್ಲಿ ನೋಡಿದರೂ ಮುದುಕ ಮುದುಕಿಯರ ಮದುವೆ! ಕೊರಳಿಗೆ ದಪ್ಪ ಹಾರ, ಕಾಲಡಿ ನೀರು, ಹೊಗೆ, ಮೊಮ್ಮಕ್ಕಳ ಗಲಾಟೆ. ನಮ್ಮ ಪಕ್ಕದಲ್ಲೇ ಒಂದು ಕನ್ನಡದ ಕುಟುಂಬ ಸಿಕ್ಕಿತು, ಹಾಸನದವರು. ಅಪ್ಪ ಎರಡನೇ ಸಲ ತಾಳಿ ಕಟ್ಟುವಾಗ ಅವ್ವ ನಾಚಿದ್ದನ್ನು ನಾನು ಫೋನಿನಲ್ಲಿ ಹಿಡಿದಿದ್ದೇನೆ. ಅದಿರಲಿ.

ಅಲ್ಲಿಂದ ಎಂಟು ಕಿಲೋಮೀಟರ್ ಆಸುಪಾಸು ದೂರದಲ್ಲಿ ತರಂಗಂಬಾಡಿ. "ಅಲ್ಲೊಂದು ಹಳೇ ಡೇನಿಷ್ ಕಾಲದ ಮನೆಯನ್ನ ಹೋಟೆಲ್ ಮಾಡಿದ್ದಾರೆ, ಎರಡು ರಾತ್ರಿ ಇದ್ದು ಬನ್ನಿ, ದುಡ್ಡು ನಾನು ಕಟ್ಟುತ್ತೀನಿ" ಅಂತ ತಮ್ಮ ಬುಕ್ ಮಾಡಿಸಿದ್ದ. ಈ ಊರಲ್ಲಿ ಹಳೇ ಮನೆಗಳಲ್ಲಿ ಉಳಿಯೋಕೆ ಒಂದಕ್ಕಿಂತ ಜಾಸ್ತಿ ಜಾಗ ಇವೆ. ನಾವಿದ್ದದ್ದು ಯಾವುದು ಅಂತ ಬರೆಯಲ್ಲ. ಬ್ಯಾಗ್ ಹೊತ್ತ ಆ ಹುಡುಗ ನಮಗೆ ಕೆಲವು ವಿಷಯ ನಿಜ ಹೇಳಿದ, ಅದಕ್ಕೆ ಅವನಿಗೆ ಬೈಗುಳ ಬೀಳೋದು ಬೇಡ. ಊರಿಗೆ ಹೋದರೆ ನಿಮಗೇ ಗೊತ್ತಾಗುತ್ತೆ, ಇರೋದೇ ನಾಲ್ಕು ಬೀದಿ.

ಮಂಡ್ಯದವರಿಗೆ ಅಲ್ಲಿಗೆ ಹೋಗೋದು ಸುಲಭ. ಸಂಜೆ ಮೈಸೂರು ಕಡೆಯಿಂದ ಬರೋ ಮಯಿಲಾಡುದುರೈ ರೈಲು ಹತ್ತಿದರೆ ಬೆಳಕು ಹರಿಯೋ ಹೊತ್ತಿಗೆ ತಂಜಾವೂರು, ಕುಂಭಕೋಣಂ ದಾಟುತ್ತದೆ. ಆ ರೈಲನ್ನು ಈಗ ಕಡಲೂರಿನ ತನಕ ಓಡಿಸುತ್ತಾರೆ, ನಿದ್ದೆ ಹೋದರೆ ಮುಂದಕ್ಕೆ ಹೋಗಿಬಿಡುತ್ತೀರಿ, ಜೋಪಾನ. ಮಯಿಲಾಡುದುರೈಯನ್ನು ಅಲ್ಲಿನ ಹಿರಿಯರು ಈಗಲೂ ಮಾಯವರಂ ಅಂತಲೇ ಕರೆಯೋದು. ಅಲ್ಲಿಂದ ಟ್ಯಾಕ್ಸಿಯಲ್ಲಿ ಒಂದು ಗಂಟೆ ಚಿಲ್ಲರೆ. ಬಸ್ಸೂ ಇದೆ. ದಾರಿ ಪೂರ್ತಿ ಕೊಯ್ಲಾದ ಭತ್ತದ ಗದ್ದೆ, ಕಾವೇರಿ ಕಾಲುವೆ, ಮತ್ತೆ ಗದ್ದೆ. ಅಪ್ಪ ಕಿಟಕಿಗೆ ಮುಖ ಅಂಟಿಸಿಕೊಂಡು "ನಮ್ ನೀರು" ಅಂದರು. ಡ್ರೈವರ್‌ಗೆ ಅರ್ಥವಾಗಲಿಲ್ಲ, ಪುಣ್ಯ.

ಊರಿನ ಹೆಸರಿಗೆ ಹಾಡುವ ಅಲೆಗಳ ಊರು ಅಂತ ಅರ್ಥ ಹೇಳುತ್ತಾರೆ. ಚೆನ್ನಾಗಿದೆ. ಆದರೆ ನನಗೆ ಸ್ವಲ್ಪ ಅನುಮಾನ. ತಮಿಳಿನ ಪಾಡಿ ಅಂದರೆ ಹಳ್ಳಿ, ಕೇರಿ ಅಂತಲೂ ಇದೆ. ನಮ್ಮಲ್ಲಿ ಪಾಲು ಹಾಲಾದ ಹಾಗೆ, ಪಾಡು ಹಾಡಾದ ಹಾಗೆ, ಈ ಪಾಡಿಯೂ ಹಾಡಿ ಆಗಿದೆ ಅಲ್ವಾ? ಹೆಗ್ಗಡದೇವನಕೋಟೆ ಕಡೆ ಕಾಡಿನವರ ಹಾಡಿ ಇಲ್ವಾ, ಅದೇ. ಹಾಗೆ ನೋಡಿದರೆ ಅಲೆಗಳ ಹಾಡಿ. ಅಲೆ ಹಾಡಲಿ ಬಿಡಲಿ, ರಾತ್ರಿ ಪೂರ್ತಿ ಕಿವಿ ಮೇಲೆ ಹೊಡೆಯುತ್ತದೆ. ಮೊದಲ ರಾತ್ರಿ ಅವ್ವ ಎರಡು ಸಲ ಎದ್ದು "ಮಳೆ ಬತ್ತಾ ಅದೆ, ಬಟ್ಟೆ ತಕ್ಕೊ" ಅಂದಳು.

ಈಗ ಮನೆ ವಿಷಯ. ಹಳೇ ಕಟ್ಟಡ ಹೋಟೆಲ್ ಆಗಿದೆ ಅಂದಾಗ ನನ್ನ ತಲೆಯಲ್ಲಿದ್ದದ್ದು ಹೊಳೆಯೋ ಗ್ರಾನೈಟ್, ಚಿನ್ನದ ಬಣ್ಣದ ಕೊಳಾಯಿ, ಮೂಲೆಯಲ್ಲೊಂದು ಹಿತ್ತಾಳೆ ಗ್ರಾಮೋಫೋನು. ಇಲ್ಲಿ ಅದ್ಯಾವುದೂ ಇಲ್ಲ. ಎರಡು ಅಂತಸ್ತು, ಎರಡೂ ಅಂತಸ್ತಿನಲ್ಲಿ ಸಮುದ್ರದ ಕಡೆಗೆ ಉದ್ದಕ್ಕೆ ಕಂಬ ಸಾಲಿನ ಜಗಲಿ. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯ ಗೂಡಿನಲ್ಲಿ ಕಾಲು ಚಾಚಿ ಕೂತು ನಾನು ಕಾಫಿ ಕುಡಿದೆ. ಕಿಟಕಿಗೆ ಗಾಜಿಲ್ಲ, ಮರದ ಅಡ್ಡಪಟ್ಟಿಗಳ ಬಾಗಿಲು. ಪಟ್ಟಿ ಎತ್ತಿದರೆ ಗಾಳಿ, ಇಳಿಸಿದರೆ ಕತ್ತಲೆ. ಮಧ್ಯಾಹ್ನ ಹೊರಗೆ ಸುಡು ಬಿಸಿಲು, ಒಳಗೆ ಎಸಿ ಹಾಕಬೇಕು ಅನಿಸಲೇ ಇಲ್ಲ. ಎಸಿ ಇದೆ, ಇಲ್ಲ ಅಂತಲ್ಲ. ಟಿವಿ ಇಲ್ಲ. ಅವ್ವನ ಧಾರಾವಾಹಿ ಎರಡು ದಿನ ತಪ್ಪಿತು, ಅದನ್ನು ಇನ್ನೂ ಹೇಳುತ್ತಿರುತ್ತಾಳೆ.

ಅಪ್ಪನ ಕಣ್ಣು ಮಾತ್ರ ಸೂರಿನ ಮೇಲೆ. ಮಂಚದ ಮೇಲೆ ಅಂಗಾತ ಮಲಗಿ ಅರ್ಧ ಗಂಟೆ ನೋಡಿದರು.

"ಮದ್ರಾಸ್ ತಾರಸಿ ಕಣವ್ವ ಇದು. ನೋಡು, ತೊಲೆ ಮ್ಯಾಲೆ ಇಟ್ಟಿಗೆ ಹೆಂಗೆ ನಿಲ್ಲಿಸವ್ರೆ."

ನಾನು ನೋಡಿದೆ. ತೇಗದ ತೊಲೆಗಳು ಸಾಲಾಗಿ. ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನು ಮಲಗಿಸಿಲ್ಲ, ಅಂಚಿನ ಮೇಲೆ ನಿಲ್ಲಿಸಿದ್ದಾರೆ, ಅದೂ ಓರೆಯಾಗಿ, ಚಾಪೆ ಹೆಣೆದ ಹಾಗೆ. ಕಬ್ಬಿಣದ ಒಂದು ಕಡ್ಡಿ ಇಲ್ಲ. ಇಟ್ಟಿಗೆಯ ಮೇಲೆ ಸುಣ್ಣದ ಗಾರೆ ಹಾಗೂ ಇಟ್ಟಿಗೆ ಚೂರಿನ ದಪ್ಪ ಪದರ ಬರುತ್ತದಂತೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಮರದ ಹಲಗೆಯಲ್ಲಿ ದಿನಗಟ್ಟಲೆ ಹೊಡೆಯಬೇಕಂತೆ. ಹೊಡೆದಷ್ಟೂ ಗಟ್ಟಿ. ಹುಡುಗನಾಗಿದ್ದಾಗ ಶ್ರೀರಂಗಪಟ್ಟಣದಲ್ಲಿ ತಾತನ ಜೊತೆ ಹೀಗೆ ತಾರಸಿ ಹೊಡೆದಿದ್ದೆ, ಹೆಂಗಸರು ಸಾಲಾಗಿ ಕೂತು ಪದ ಹೇಳಿಕೊಂಡು ಹೊಡೆಯೋರು ಅಂತ ಅಪ್ಪ ಅವತ್ತು ಹೇಳಿದರು. ಇಷ್ಟು ವರ್ಷದಲ್ಲಿ ಇದನ್ನು ನಾನು ಕೇಳೇ ಇರಲಿಲ್ಲ. ಮನೆಯಲ್ಲಿ ಸಿಮೆಂಟಿನ ಮೂಟೆ ಲೆಕ್ಕ ಬಿಟ್ಟು ಕೆಲಸದ ಮಾತೇ ಆಡದ ಮನುಷ್ಯ.

ಜಗಲಿಯ ಕಂಬದಲ್ಲಿ ಒಂದು ಕಡೆ ಗಾರೆ ಚಕ್ಕೆ ಎದ್ದಿತ್ತು. ಅಪ್ಪ ಅದರ ಒಂದು ಚೂರು ಅಂಗೈಯಲ್ಲಿ ಪುಡಿ ಮಾಡಿ ತೋರಿಸಿದರು. ಅದರೊಳಗೆ ಬಿಳೀ ಚಿಪ್ಪಿನ ಸಣ್ಣ ಸಣ್ಣ ತುಣುಕು. ಸಮುದ್ರದ ಕಡೆಯವರು ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ನಮ್ಮ ಕಡೆ ಕಲ್ಲು ಸುಡುತ್ತಿದ್ದೆವು, ಅಷ್ಟೇ ವ್ಯತ್ಯಾಸ. "ಕನ್ನಂಬಾಡಿ ಕಟ್ಟೆ ನಿಂತಿರೋದು ಇಂಥದ್ರಲ್ಲೇ" ಅಂದರು. ನಿಜ. ಕೆಆರ್‌ಎಸ್ ಕಟ್ಟಿದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ, 1911ರಲ್ಲಿ ಶುರುವಾಗಿ ಇಪ್ಪತ್ತು ವರ್ಷ. ಕನ್ನಂಬಾಡಿ, ತರಂಗಂಬಾಡಿ. ಕಾವೇರಿಯ ಒಂದು ಕೊನೆಗೆ ಆ ಬಾಡಿ, ಇನ್ನೊಂದು ಕೊನೆಗೆ ಈ ಬಾಡಿ.

ಇಷ್ಟೆಲ್ಲ ಹೊಗಳಿದ ಮೇಲೆ ಬೈಗುಳಕ್ಕೆ ಬರಲೇಬೇಕು. ನಾನು ಹೇಳಿದೆನಲ್ಲ, ಅಪ್ಪ ಬಚ್ಚಲ ಬಾಗಿಲ ತನಕ ಗೋಡೆ ತಟ್ಟಿದರು ಅಂತ. ಎಲ್ಲ ಕಡೆ ಒಂದೇ ಸದ್ದು, ತುಂಬಿದ ಸದ್ದು. ಬಚ್ಚಲ ಪಕ್ಕದ ಮೂಲೆಯಲ್ಲಿ ಮಾತ್ರ ಡಬ್ ಡಬ್ ಅಂತು, ಖಾಲಿ ಡಬ್ಬದ ಹಾಗೆ. ಅಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿತ್ತು, ಬಿಳಿ ಉಪ್ಪು ಹೊರಗೆ ಬಂದಿತ್ತು. ಬೆರಳಿಟ್ಟರೆ ಉದುರುತ್ತಿತ್ತು. ಬೆಳಿಗ್ಗೆ ಎದ್ದರೆ ನನ್ನ ಚಪ್ಪಲಿ ಮೇಲೆ ಪುಡಿ.

"ಸಿಮೆಂಟ್ ಬಳದವ್ರೆ" ಅಂದರು ಅಪ್ಪ, ಯಾರೋ ಅನ್ನಕ್ಕೆ ಮಣ್ಣು ಹಾಕಿದರು ಅನ್ನೋ ಥರ.

ಹಳೇ ಗೋಡೆ ನೆಲದಿಂದ, ಗಾಳಿಯಿಂದ ತೇವ ಹೀರುತ್ತೆ. ಸುಣ್ಣದ ಗಾರೆ ಇದ್ದರೆ ಆ ತೇವ ಸುಮ್ನೆ ಹೊರಗೆ ಹೋಗುತ್ತೆ. ಮೇಲೆ ಸಿಮೆಂಟ್ ಬಳಿದರೆ ಅದಕ್ಕೆ ದಾರಿ ಇಲ್ಲ. ನೀರು ಒಳಗೇ ನಿಲ್ಲುತ್ತೆ, ಸಮುದ್ರದ ಉಪ್ಪು ಹಿಂದೆಯೇ ಹರಳುಗಟ್ಟಿ ಗಾರೆಯನ್ನ ಹೊರಕ್ಕೆ ನೂಕುತ್ತೆ. ಇನ್ನೂರು ವರ್ಷ ನಿಂತ ಗೋಡೆ ಹತ್ತು ವರ್ಷದಲ್ಲಿ ಹಾಳು. ಹುಡುಗನನ್ನು ಕೇಳಿದರೆ, ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಇದೇ ಕಥೆ ಅಂದ. ಸುಣ್ಣ ಒಣಗೋಕೆ ವಾರಗಟ್ಟಲೆ ಬೇಕು, ಅಷ್ಟು ದಿನ ರೂಮು ಖಾಲಿ ಬಿಡೋಕೆ ಆಗಲ್ಲ, ಅದಕ್ಕೆ ಕಂಟ್ರಾಕ್ಟರು ಎರಡು ದಿನದಲ್ಲಿ ಸಿಮೆಂಟ್ ಬಳಿದು ಬಣ್ಣ ಹೊಡೆದು ಹೋಗ್ತಾನೆ. ರಾತ್ರಿಗೆ 6,800 ರೂಪಾಯಿ ತಗೊಳ್ಳೋರು, ಎಕ್ಸ್‌ಟ್ರಾ ಹಾಸಿಗೆಗೆ ಬೇರೆ 1,200, ಆ ಮನೆ ಹಳೇದು ಅಂತಲೇ ತಾನೇ ಅಷ್ಟು ತಗೊಳ್ಳೋದು? ಹಳೇದನ್ನ ಹಳೇದರ ಥರ ನೋಡಿಕೊಳ್ಳಬೇಕಪ್ಪ.

ಇನ್ನೆರಡು ಸಣ್ಣ ತಕರಾರು. ನಮಗೆ ಕೊಟ್ಟಿದ್ದು ಮಹಡಿ ರೂಮು. ಮರದ ಮೆಟ್ಟಿಲು ಚೆಂದ, ಆದರೆ ಏಣಿಯಷ್ಟು ಕಡಿದು. ಅವ್ವನ ಮಂಡಿಗೆ ಆಗಲಿಲ್ಲ. ಕೆಳಗಿನ ರೂಮು ಬೇಕು ಅಂತ ಬುಕ್ ಮಾಡುವಾಗಲೇ ತಮ್ಮ ಹೇಳಿದ್ದ, ಬರೆದುಕೊಂಡೂ ಇದ್ದರು. ಎರಡನೇ ದಿನ ಒಂದು ಖಾಲಿ ಆಯಿತು, ನಾನೇ ಕೇಳಿದ ಮೇಲೆ ಬದಲಾಯಿಸಿದರು. ವಯಸ್ಸಾದವರನ್ನು ಕರೆದುಕೊಂಡು ಹೋಗೋರು ಹಿಂದಿನ ದಿನ ಫೋನ್ ಮಾಡಿ ಮತ್ತೆ ಹೇಳಿ. ಆಮೇಲೆ ಬಿಸಿನೀರು. ಶವರ್‌ನ ಅರ್ಧ ತೂತು ಉಪ್ಪು ಕಟ್ಟಿ ಮುಚ್ಚಿತ್ತು, ನೀರು ಎಲ್ಲೆಲ್ಲಿಗೋ ಚಿಮ್ಮುತ್ತಿತ್ತು. ಬಕೆಟ್ ಕೇಳಿದೆ, ತಕ್ಷಣ ತಂದುಕೊಟ್ಟರು. ಬಕೆಟ್ ಇದ್ದರೆ ಮಂಡ್ಯದವರಿಗೆ ಇನ್ನೇನು ಬೇಕು.

ಊಟದ ಬಗ್ಗೆ ನನ್ನದು ಒಂದೇ ಮಾತು: ಮೆನು ಕಾರ್ಡ್ ನೋಡಬೇಡಿ, ಅಡುಗೆಯವರನ್ನು ಕೇಳಿ. ಕಾರ್ಡಿನಲ್ಲಿ ಇರೋದು ನೂಡಲ್ಸು, ಪನೀರು, ಟೋಸ್ಟು. ಬೆಳಿಗ್ಗೆ ದಂಡೆಗೆ ದೋಣಿ ಬಂದ ಮೇಲೆ ಏನು ಮೀನು ಸಿಕ್ಕಿದೆ ಅಂತ ಅಡುಗೆಯವರಿಗೇ ಗೊತ್ತಿರುತ್ತೆ. ನಮಗೆ ಒಂದು ಮಧ್ಯಾಹ್ನ ವಂಜರಂ ಸಿಕ್ಕಿತು, ಮಂಗಳೂರಿನವರು ಅಂಜಲ್ ಅನ್ನುತ್ತಾರಲ್ಲ ಅದು. ಹುಣಸೆಹುಳಿ ಸಾರು ಒಂದು, ತವದ ಮೇಲೆ ಹುರಿದದ್ದು ಒಂದು. ಸಾರಿನಲ್ಲಿ ಸಣ್ಣ ಈರುಳ್ಳಿ ಇಡಿಯಾಗಿ ಬೆಂದು ಮೆತ್ತಗಾಗಿತ್ತು. ನಾನು ಅನ್ನ ಮೂರು ಸಲ ಹಾಕಿಸಿಕೊಂಡೆ. ಬೆಳಗಿನ ತಿಂಡಿಗೆ ಪೊಂಗಲ್, ಇಡಿಯಾಪ್ಪ, ಮೆಣಸಿನ ವಡೆ. ಕಾಫಿ ಮಾತ್ರ ನೀರು ನೀರು. ಡಿಗ್ರಿ ಕಾಫಿಯ ಕುಂಭಕೋಣಂ ಅಷ್ಟು ಹತ್ತಿರ ಇಟ್ಟುಕೊಂಡು ಹೀಗಾ?

ಅಡುಗೆಯವರು ಅರವತ್ತರ ಆಸುಪಾಸಿನವರು, ಸ್ವಂತಕ್ಕೆ ಒಂದಿಷ್ಟು ಗದ್ದೆಯೂ ಇದೆಯಂತೆ. ಯಾವ ಊರು ಅಂತ ಕೇಳಿದರು. ಮಂಡ್ಯ ಅಂದೆ. ಸೌಟು ಅಲ್ಲೇ ನಿಂತಿತು.

"ಕೆಆರ್‌ಎಸ್ ಎತ್ತನೆ ಅಡಿ?"

ಅಪ್ಪ ಎದ್ದು ಕೂತರು. ಪೇಪರ್ ಬಿಚ್ಚಿದರೆ ಮೊದಲು ಕೆಆರ್‌ಎಸ್ ಮಟ್ಟ ನೋಡೋ ಮನುಷ್ಯ ಅವರು. ಅವತ್ತಿನ ಅಂಕಿಯನ್ನು ಬೆರಳಲ್ಲಿ ಎಣಿಸಿ ತೋರಿಸಿದರು. ತುಂಬಿದರೆ 124.80 ಅಡಿ. ಅವರು ಮೆಟ್ಟೂರು 120 ಅಂದರು. ಆ ಕಡೆ ಜೂನ್ 12ಕ್ಕೆ ಮೆಟ್ಟೂರು ತೆಗೆದರೆ ಹಬ್ಬ, ತೆಗೆಯದಿದ್ದರೆ ಆ ವರ್ಷದ ಕುರುವೈ ಭತ್ತದ ಬೆಳೆಯ ಆಸೆ ಬಿಟ್ಟ ಹಾಗೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ. ಅಡಿ, ಟಿಎಂಸಿ, ಕ್ಯೂಸೆಕ್ ಅನ್ನೋ ಮೂರು ಪದದಲ್ಲಿ ಕಾಲು ಗಂಟೆ ಮಾತಾಡಿದರು, ಕ್ರಿಕೆಟ್ ಸ್ಕೋರ್ ಹೇಳೋರ ಥರ. ಕೊನೆಗೆ ಅಪ್ಪ ಕೈ ಮುಂದಕ್ಕೆ ಚಾಚಿ, ನೀರು ಹರಿದ ಹಾಗೆ ಬೆರಳಾಡಿಸಿ, "ಈ ಸಲ ಬೇಕಾದಷ್ಟು ಬಿಟ್ಟಿದ್ದೀವಿ" ಅಂದರು. ಅವರು ತಟ್ಟೆಗೆ ಇನ್ನೊಂದು ಮೀನು ಹಾಕಿದರು. ಮಾರನೇ ದಿನ ನಾವು ಕೇಳದೆಯೇ ರಾಗಿ ಮುದ್ದೆ ಬಂತು! ಅವರು ಕಳಿ ಅನ್ನುತ್ತಾರೆ. ನಮ್ಮದಕ್ಕಿಂತ ಮೆತ್ತಗೆ, ತಟ್ಟೆಯಲ್ಲಿ ಸ್ವಲ್ಪ ಕುಸಿದು ಕೂತಿತ್ತು. ಅವ್ವ ಬೆರಳಿನಿಂದ ಒತ್ತಿ ನೋಡಿ ಏನೂ ಹೇಳಲಿಲ್ಲ. ಅಪ್ಪ ಎರಡು ಮುದ್ದೆ ನುಂಗಿದರು.

ನೀರಿಗೆ ಇಳಿಯೋ ಆಸೆಯಿಂದ ಹೋಗೋರಿಗೆ ಈ ಜಾಗ ಅಲ್ಲ. ದಂಡೆಯ ಉದ್ದಕ್ಕೂ ದೊಡ್ಡ ದೊಡ್ಡ ಬಂಡೆ ಹಾಕಿದ್ದಾರೆ, ಅಲೆಯ ಸೆಳೆತ ಜೋರು. ಸಮುದ್ರ ಇಲ್ಲಿ ಊರನ್ನು ತಿನ್ನುತ್ತಾ ಬಂದಿದೆ. ದಂಡೆಯಲ್ಲೇ 14ನೇ ಶತಮಾನದ ಆರಂಭದ ಮಾಸಿಲಾಮಣಿನಾಥರ್ ದೇವಸ್ಥಾನ ಇದೆ, ಪಾಂಡ್ಯರು ಕಟ್ಟಿಸಿದ್ದು. ಅದರ ಮುಂದಿನ ಭಾಗ ಎಂದೋ ನೀರು ಪಾಲಾಗಿದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನಲ್ಲಿ ಅತಿ ಹೆಚ್ಚು ಜನ ಸತ್ತಿದ್ದು ನಾಗಪಟ್ಟಿಣಂ ಜಿಲ್ಲೆಯಲ್ಲಿ, ಆಗ ಈ ಊರೂ ಅದೇ ಜಿಲ್ಲೆಗೆ ಸೇರಿತ್ತು. ಗೇಟಿನ ಕಾವಲಿನ ತಾತನನ್ನು ಅವ್ವ ಅದರ ಬಗ್ಗೆ ಕೇಳಿದಳು. ಅವರು ಸಮುದ್ರದ ಕಡೆ ಒಂದು ಸಲ ನೋಡಿ ಬೀಡಿ ಹಚ್ಚಿದರು. ನಾವು ಮತ್ತೆ ಕೇಳಲಿಲ್ಲ.

ಸುತ್ತಾಡೋಕೆ ಒಂದು ಬೆಳಿಗ್ಗೆ ಸಾಕು, ನಡೆದೇ ನೋಡಬಹುದು. ಡೇನಿಷ್ ಕಂಪನಿಯವರು 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಹತ್ತಿರ ಜಾಗ ಪಡೆದು ಡ್ಯಾನ್ಸ್‌ಬೋರ್ಗ್ ಕೋಟೆ ಕಟ್ಟಿದರು, ಮೆಣಸಿನ ವ್ಯಾಪಾರಕ್ಕೆ. ನಾಯಕ ಡೆನ್ಮಾರ್ಕಿನ ರಾಜನಿಗೆ ಚಿನ್ನದ ತಗಡಿನ ಮೇಲೆ ಬರೆಸಿ ಕಳಿಸಿದ ಓಲೆ ಈಗಲೂ ಕೋಪನ್‌ಹೇಗನ್‌ನಲ್ಲಿದೆ. ಕೋಟೆಯೊಳಗೆ ಸಣ್ಣ ಮ್ಯೂಸಿಯಂ: ಪಿಂಗಾಣಿ, ನಾಣ್ಯ, ಹಳೇ ಕಾಗದ. ಅಪ್ಪ ಪಿಂಗಾಣಿ ನೋಡಲಿಲ್ಲ, ಕಮಾನು ನೋಡಿದರು. ಊರ ಬಾಗಿಲು 1792ರದ್ದು, ಅದರ ನೆತ್ತಿಯ ಮೇಲೆ ಡೆನ್ಮಾರ್ಕಿನ ರಾಜಮುದ್ರೆ. ಅದರ ಕೆಳಗೆ ಆಟೋ, ಮೀನಿನ ಬುಟ್ಟಿ, ಸ್ಕೂಲ್ ಮಕ್ಕಳು. ಒಳಗೆ ಹೋದರೆ ರಾಜನ ಬೀದಿ, ಎರಡು ಚರ್ಚು. 1706ರಲ್ಲಿ ಇಲ್ಲಿ ಬಂದಿಳಿದ ಜರ್ಮನ್ ಪಾದ್ರಿ ಸೀಗನ್‌ಬಾಲ್ಗ್ ಇದೇ ಊರಲ್ಲಿ ಅಚ್ಚುಕೂಟ ಹಾಕಿ ತಮಿಳು ಪುಸ್ತಕ ಅಚ್ಚು ಹಾಕಿದ. ನಮ್ಮ ಮಂಗಳೂರಿಗೆ ಬಾಸೆಲ್ ಮಿಷನ್‌ನವರು ಬಂದಿದ್ದು 1834ರಲ್ಲಿ, ಅದಕ್ಕೂ ನೂರು ವರ್ಷಕ್ಕಿಂತ ಹಿಂದಿನ ಮಾತು ಇದು. ಅವನು 1718ರಲ್ಲಿ ಕಟ್ಟಿಸಿದ ಚರ್ಚಿನಲ್ಲೇ ಅವನ ಸಮಾಧಿ.

1845ರಲ್ಲಿ ಡೇನಿಷರು ಈ ಊರನ್ನೂ ಬಂಗಾಳದ ಶ್ರೀರಾಮಪುರವನ್ನೂ ಸೇರಿಸಿ 12.5 ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿದರು. ಇಂಗ್ಲಿಷರ ಕಾಲದಲ್ಲಿ ವ್ಯಾಪಾರ ನಾಗಪಟ್ಟಿಣದ ಕಡೆ ಹೋಯಿತು, ಊರು ಮಂಕಾಯಿತು. ಹಾಗೆ ಮಂಕಾಗಿದ್ದಕ್ಕೇ ಈ ಮನೆಗಳು ಉಳಿದಿವೆ ಅನಿಸುತ್ತೆ. ಕೈಯಲ್ಲಿ ದುಡ್ಡಿದ್ದಿದ್ದರೆ ಯಾರಾದರೂ ಕೆಡವಿ ಆರ್‌ಸಿಸಿ ಹಾಕಿಸುತ್ತಿದ್ದರು. ಕೆಡವೋ ಗುತ್ತಿಗೆ ನಮ್ಮಪ್ಪನಂಥವರಿಗೇ ಸಿಗುತ್ತಿತ್ತು. ಅಪ್ಪನೇ ಒಪ್ಪಿಕೊಂಡರು, ಮೈಸೂರಿನಲ್ಲಿ ಇಂಥ ತಾರಸಿ ನಾಲ್ಕು ಬಿಚ್ಚಿದ್ದೀನಿ, ತೊಲೆ ಮಾರಿದ್ದೀನಿ ಅಂತ.

ಕೊನೆ ದಿನ ಬೆಳಿಗ್ಗೆ ಮೂರು ಜನವೂ ಜಗಲಿಯಲ್ಲಿ ಕೂತಿದ್ದೆವು, ಆರೂವರೆ ಇರಬಹುದು. ಇಲ್ಲಿ ಸೂರ್ಯ ಸಮುದ್ರದಿಂದ ಏಳುತ್ತಾನೆ. ಕೆಂಪಗೆ ಒಂದು ಅಂಚು, ಆಮೇಲೆ ಮೀನಿನ ದೋಣಿಗಳು ಕಪ್ಪು ಚುಕ್ಕಿ. ಅವ್ವ ಕೈ ಮುಗಿದು "ಮುರುಡೇಶ್ವರದಲ್ಲಿ ಮುಳುಗಿದ್ದು ಇಲ್ಲಿ ಎದ್ದಂಗಾಯ್ತು" ಅಂದಳು. ಟೀ ತಂದ ಹುಡುಗನನ್ನು ಅಪ್ಪ ತಡೆದು ನಿಲ್ಲಿಸಿ, ಮೂರು ಬೆರಳು ತೋರಿಸಿ ಮರಳು, ಒಂದು ಬೆರಳು ತೋರಿಸಿ ಸುಣ್ಣ, ಆಮೇಲೆ ಟೀ ಲೋಟ ತೋರಿಸಿ ಬೆಲ್ಲ ಅಂದರು. ಅವನು ಟೀಗೆ ಸಕ್ಕರೆ ಸಾಲದು ಅಂದುಕೊಂಡು ಒಳಗೆ ಓಡಿದ.

ಹೊರಡುವಾಗ ಅತಿಥಿಗಳ ಪುಸ್ತಕ ಮುಂದಿಟ್ಟರು. ಹಿಂದಿನ ಪುಟಗಳಲ್ಲಿ ಇಂಗ್ಲಿಷು, ಫ್ರೆಂಚು, ಡೇನಿಷ್ ಇರಬೇಕು, ಯಾವುದೋ. ಅಪ್ಪ ಪೆನ್ನು ತಗೊಂಡು, ಮಸ್ಟರ್ ರೋಲ್ ಬರೆಯೋ ದಪ್ಪ ಅಕ್ಷರದಲ್ಲಿ ಬರೆದರು: "ಮನೆ ಚೆನ್ನಾಗಿದೆ. ಮೇಲಿನ ರೂಮು, ಬಚ್ಚಲ ಮೂಲೆ, ಸಿಮೆಂಟ್ ಕಿತ್ತು ಸುಣ್ಣದ ಗಾರೆ ಮಾಡಿಸಿ. ಒಂದು ತಿಂಗಳು ಒಣಗಲು ಬಿಡಿ." ಕೆಳಗೆ ಸಹಿ, ತಾರೀಕು, ಫೋನ್ ನಂಬರ್.

ಹುಡುಗ ಏನು ಬರೆದಿದ್ದಾರೆ ಅಂತ ಕೇಳಿದ. ಮನೆ ಚೆನ್ನಾಗಿದೆಯಂತೆ ಅಂದೆ. ಇಷ್ಟು ಉದ್ದನಾ ಅಂದ.